ಹಾಜರಿ ಪುಸ್ತಕದ ಹೆಸರುಗಳು

ಶಾಲೆಯ ಗಂಟೆ ಬಾರಿಸುತ್ತದೆ. ಮೇಷ್ಟರು ಹಾಜರಿ ಕರೆಯುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಓಗೊಡುತ್ತಾರೆ. ಲಾರಿನ್ ಹಿಲ್ ಎಂಬ ಹೆಸರು ಬಂದಾಗ ಮಾತ್ರ ಉತ್ತರವಿಲ್ಲ. ಮತ್ತೆ ಕರೆಯುತ್ತಾರೆ, ಆಗಲೂ ಇಲ್ಲ. ಅಲ್ಲಿಂದ ಹಾಡು ಶುರು.

ಒಂದು ಭಾನುವಾರ ನಾನು ಸೊಪ್ಪು ಬಿಡಿಸುತ್ತ ಕೂತಿದ್ದಾಗ ಮಗಳು, "ಅಮ್ಮಾ, ಇದು ನಿನಗೆ ಹಿಡಿಸುತ್ತೆ, ಕೇಳು" ಎಂದು ಹಾಕಿದ ಆಲ್ಬಂ ಇದು. ರ‍್ಯಾಪ್ ಎಂದರೆ ಗಂಡುಹುಡುಗರ ಕೂಗಾಟ ಎಂದು ನಂಬಿದ್ದವಳು ನಾನು. ಆದರೆ ಇಪ್ಪತ್ತೆಂಟು ವರ್ಷ ಹಾಜರಿ ಪುಸ್ತಕ ಹಿಡಿದವಳಿಗೆ ಆ ಗಂಟೆಯ ಸದ್ದು ಸಾಕಾಯಿತು. ಸೊಪ್ಪು ಮೊರದಲ್ಲೇ ಉಳಿಯಿತು.

ಹಿಪ್-ಹಾಪ್ ಹುಟ್ಟಿದ ಕತೆಯಲ್ಲೂ ಒಬ್ಬ ಹೆಣ್ಣುಮಗಳಿದ್ದಾಳೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ, ಶಾಲೆ ಶುರುವಾಗುವ ಮುನ್ನ ಹೊಸ ಬಟ್ಟೆಗೆ ಹಣ ಹೊಂದಿಸಲು ತಾವಿದ್ದ ಕಟ್ಟಡದಲ್ಲೇ ಒಂದು ಪಾರ್ಟಿ ಏರ್ಪಡಿಸಿದಳು. ಅಲ್ಲಿ ರೆಕಾರ್ಡು ತಿರುಗಿಸಿದವನು ಅವಳ ಅಣ್ಣ, ಕೂಲ್ ಹರ್ಕ್. ಹಿಪ್-ಹಾಪ್ ಹುಟ್ಟಿದ ದಿನ ಎಂದು ಲೋಕ ನೆನೆಯುವುದು ಅದನ್ನೇ. ಆದರೆ ಅಣ್ಣನ ಹೆಸರು ಗೊತ್ತಿದ್ದಷ್ಟು ಜನಕ್ಕೆ ತಂಗಿಯ ಹೆಸರು ಗೊತ್ತಿಲ್ಲ.

ಈ ಸಂಗೀತದಲ್ಲಿ ನಿರ್ಮಾಪಕ ಎಂದರೆ ನಮ್ಮ ಸಿನಿಮಾದವರಂತೆ ದುಡ್ಡು ಹಾಕುವವನಲ್ಲ. ತಾಳ ಕಟ್ಟುವುದು, ಹಳೆಯ ರೆಕಾರ್ಡಿನ ತುಣುಕು ಆರಿಸುವುದು, ಯಾವ ವಾದ್ಯ ಎಲ್ಲಿ ಬರಬೇಕು, ಎಲ್ಲಿ ಸುಮ್ಮನಿರಬೇಕು ಎಂದು ತೀರ್ಮಾನಿಸುವುದು ಅವನ ಕೆಲಸ. ಹಾಡುವವಳು ಹೆಣ್ಣಾದರೂ ಕಟ್ಟುವವನು ಗಂಡೇ ಎಂಬುದು ಬಹುಮಟ್ಟಿಗೆ ರೂಢಿ.

ಲಾರಿನ್ ಹುಟ್ಟಿದ್ದು 1975ರಲ್ಲಿ, ನ್ಯೂಜೆರ್ಸಿಯಲ್ಲಿ. ತಾಯಿ ಇಂಗ್ಲಿಷ್ ಕಲಿಸುವ ಟೀಚರ್. ವೈಕ್ಲೆಫ್ ಜಾನ್ ಮತ್ತು ಪ್ರಾಸ್ ಎಂಬ ಇಬ್ಬರು ಗೆಳೆಯರ ಜೊತೆ ಕಟ್ಟಿದ 'ಫ್ಯೂಜೀಸ್' ತಂಡದ 1996ರ ಆಲ್ಬಂ 'ದಿ ಸ್ಕೋರ್' ಲಕ್ಷಗಟ್ಟಲೆ ಮಾರಾಟವಾಯಿತು. ಮೂವರಲ್ಲಿ ಒಬ್ಬಳೇ ಹೆಣ್ಣು. ಅವಳ ಕಂಠವನ್ನು ಹೊಗಳಿದವರಿಗೆಲ್ಲ ಅವಳ ತಲೆ ಕಾಣಿಸಿರಲಿಲ್ಲ.

ಅಷ್ಟರಲ್ಲಿ ಆಕೆ ಬಸುರಿಯಾದಳು. ಮಗುವಿನ ತಂದೆ ಬಾಬ್ ಮಾರ್ಲಿಯ ಮಗ ರೋಹನ್. ಹೆಸರು ಏರುತ್ತಿರುವ ಹೊತ್ತಿನಲ್ಲಿ ಮಗು ಯಾಕೆ, ಬುದ್ಧಿ ಉಪಯೋಗಿಸು ಎಂದವರಿದ್ದರು. ಈ ಬುದ್ಧಿವಾದ ನಮಗೇನು ಹೊಸದೇ? ಕೆಲಸ ಖಾಯಂ ಆಗಲಿ, ಬಡ್ತಿ ಬರಲಿ ಎಂಬ ಮಾತು ನಮ್ಮ ಸ್ಟಾಫ್‌ರೂಮಿನಲ್ಲೂ ಕೇಳಿದ್ದೇವೆ. ಲಾರಿನ್ ಕೇಳಲಿಲ್ಲ. 1997ರ ಆಗಸ್ಟಿನಲ್ಲಿ ಮಗ ಹುಟ್ಟಿದ. ಝಯಾನ್ ಎಂದು ಹೆಸರಿಟ್ಟು, ಅವನ ಮೇಲೊಂದು ಹಾಡು ಕಟ್ಟಿದಳು. ಅದಕ್ಕೆ ಗಿಟಾರ್ ನುಡಿಸಿದವನು ಕಾರ್ಲೋಸ್ ಸಂಟಾನಾ.

ಬಸುರಿದ್ದಾಗಲೇ ಪದಗಳು ಉಕ್ಕಿ ಬರತೊಡಗಿದ್ದವಂತೆ. ಈ ಸಲ ಬರೆಯುವವಳೂ ತಾನೇ, ಹಾಡುವವಳೂ ತಾನೇ, ಕಟ್ಟುವವಳೂ ತಾನೇ ಎಂದು ನಿಂತಳು. ಕೆಲವು ಹಾಡುಗಳ ಮುದ್ರಣ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ, ಬಾಬ್ ಮಾರ್ಲಿಯ ಟಫ್ ಗಾಂಗ್ ಸ್ಟುಡಿಯೋದಲ್ಲಿ ನಡೆಯಿತು. ಯಂತ್ರದ ತಾಳವಷ್ಟೇ ಸಾಲದೆಂದು ಗಿಟಾರ್, ಹಾರ್ಪ್, ತಂತಿವಾದ್ಯಗಳನ್ನು ನುಡಿಸುವವರನ್ನೇ ಕರೆಸಿದಳು. ಹಾಡುಗಳ ನಡುವೆ ತರಗತಿಯ ಮಾತುಕತೆ ಸೇರಿಸಿದಳು. ಅಲ್ಲಿ ಮೇಷ್ಟರಾದವರು ಕವಿ, ಶಿಕ್ಷಕ ರಾಸ್ ಬರಾಕಾ. 2014ರಲ್ಲಿ ನ್ಯೂಆರ್ಕ್ ನಗರದ ಮೇಯರ್ ಆದವರು ಅವರೇ. ಪ್ರೀತಿ ಎಂದರೇನು ಎಂದು ಅವರು ಕೇಳುತ್ತಾರೆ, ಮಕ್ಕಳು ತಡವರಿಸುತ್ತ, ನಗುತ್ತ ಹೇಳುತ್ತಾರೆ. ಗೈರುಹಾಜರಾದ ಲಾರಿನ್ ಆ ಪಾಠವನ್ನು ಹೊರಗೆ, ಬದುಕಿನಲ್ಲಿ ಕಲಿಯುತ್ತಿದ್ದಾಳೆ.

'ದಿ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್' ಎಂಬ ಹೆಸರಿನ ಹಿಂದೆ ಕಾರ್ಟರ್ ಜಿ. ವುಡ್ಸನ್ ಎಂಬ ಕಪ್ಪು ಇತಿಹಾಸಕಾರ 1933ರಲ್ಲಿ ಬರೆದ ಪುಸ್ತಕದ ನೆನಪಿದೆ. ಶಾಲೆಗಳು ಕಪ್ಪು ಮಕ್ಕಳಿಗೆ ತಮ್ಮನ್ನು ತಾವೇ ಕೀಳಾಗಿ ಕಾಣುವುದನ್ನು ಕಲಿಸುತ್ತಿವೆ ಎಂಬುದು ಅವರ ದೂರು. ಹೆಣ್ಣುಮಕ್ಕಳಿಗೂ ಅದೇ ಪಾಠವಾಗುತ್ತಿದೆ ಎಂಬುದನ್ನು ಲಾರಿನ್ ಹಾಡಿ ತೋರಿಸಿದಳು.

1998ರ ಆಗಸ್ಟ್ 25ರಂದು ಆಲ್ಬಂ ಬಂತು. ಮೊದಲ ವಾರದಲ್ಲೇ 4 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. 1999ರ ಫೆಬ್ರವರಿಯಲ್ಲಿ ಆಕೆಗೆ ಒಂದೇ ರಾತ್ರಿ 5 ಗ್ರ್ಯಾಮಿ ಪ್ರಶಸ್ತಿ. ಅಲ್ಲಿಯವರೆಗೆ ಯಾವ ಹೆಣ್ಣಿಗೂ ಹಾಗೆ ಸಂದಿರಲಿಲ್ಲ. ವರ್ಷದ ಆಲ್ಬಂ ಎಂಬ ಗೌರವ ಹಿಪ್-ಹಾಪ್‌ಗೆ ಬಂದದ್ದೂ ಅದೇ ಮೊದಲು. ಆಗ ಆಕೆಗೆ 23 ವರ್ಷ, ಎರಡು ಮಕ್ಕಳ ತಾಯಿ.

ಕತೆ ಇಲ್ಲಿಗೇ ಮುಗಿದಿದ್ದರೆ ಮಗಳಿಗೆ "ಚೆನ್ನಾಗಿದೆ" ಎಂದು ಹೇಳಿ ಅಡುಗೆಮನೆಗೆ ಹೋಗುತ್ತಿದ್ದೆ. ಆದರೆ 1998ರ ನವೆಂಬರಿನಲ್ಲಿ, ಎರಡನೆಯ ಮಗು ಹುಟ್ಟಿದ ತಿಂಗಳಲ್ಲೇ, 'ನ್ಯೂ ಆರ್ಕ್' ಎಂಬ ತಂಡದ ನಾಲ್ವರು ಸಂಗೀತಗಾರರು ನ್ಯಾಯಾಲಯಕ್ಕೆ ಹೋದರು. ಹಾಡು ಕಟ್ಟುವಾಗ ನಾವೂ ಜೊತೆಗಿದ್ದೆವು, ನಮಗೆ ಸಲ್ಲಬೇಕಾದಷ್ಟು ಹೆಸರೂ ಹಣವೂ ಸಂದಿಲ್ಲ ಎಂಬುದು ಅವರ ತಕರಾರು. 2001ರಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಯಿತು.

ಅಷ್ಟು ಸಾಕಾಯಿತು ಕೆಲವರಿಗೆ. ಇವಳೊಬ್ಬಳೇ ಮಾಡಿದ್ದಲ್ಲ, ನಮಗೆ ಗೊತ್ತಿತ್ತು ಎಂದರು. ಗಂಡು ನಿರ್ಮಾಪಕರೂ ಹತ್ತಾರು ಜನರನ್ನು ಕೂರಿಸಿಕೊಂಡೇ ಕೆಲಸ ಮಾಡುತ್ತಾರೆ. ಅವರ ಪ್ರತಿಭೆಯನ್ನು ಅದಕ್ಕಾಗಿ ಯಾರೂ ಇಷ್ಟು ಸುಲಭವಾಗಿ ಶಂಕಿಸುವುದಿಲ್ಲ. ಇದು ನಿಜ. ಆ ನಾಲ್ವರು ದುಡಿದದ್ದೂ ನಿಜ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಕಷ್ಟ.

ನನಗಂತೂ ಅದು ಕಷ್ಟವೇ ಆಯಿತು. ಒಂದು ವರ್ಷ ವಾರ್ಷಿಕೋತ್ಸವಕ್ಕೆ ನಾನೊಂದು ಗೀತನಾಟಕ ಬರೆದಿದ್ದೆ. ಕರಪತ್ರದಲ್ಲಿ ರಚನೆ, ನಿರ್ದೇಶನ ಎಂದು ಅಚ್ಚಾದದ್ದು ಬೇರೊಬ್ಬ ಮೇಷ್ಟರ ಹೆಸರು. ಆ ಕರಪತ್ರವನ್ನು ವರ್ಷಗಟ್ಟಲೆ ಟ್ರಂಕಿನಲ್ಲಿಟ್ಟುಕೊಂಡು ಕುದಿದಿದ್ದೇನೆ. ಆದರೆ ಆ ನಾಟಕದ ಹಾಡುಗಳ ಧಾಟಿ ನನ್ನದಲ್ಲ. ಶಾಲೆಯ ಗಂಟೆ ಹೊಡೆಯುತ್ತಿದ್ದ ಆಯಮ್ಮ ಮಧ್ಯಾಹ್ನ ಜಗಲಿಯಲ್ಲಿ ಕೂತು ಸೋಬಾನೆ ಗುನುಗುತ್ತಿದ್ದಳು. ಅವಳನ್ನು ಕೂರಿಸಿಕೊಂಡು ಮತ್ತೆ ಮತ್ತೆ ಹಾಡಿಸಿ ನಾನು ಸಾಲು ಹೊಂದಿಸಿದ್ದೆ. ನನ್ನ ಹೆಸರೇ ಅಚ್ಚಾಗಿದ್ದರೂ ಅವಳದು ಇರುತ್ತಿರಲಿಲ್ಲ. ಹಾಗೊಂದು ಯೋಚನೆಯೇ ನನಗೆ ಬಂದಿರಲಿಲ್ಲ.

ಲಾರಿನ್ ಆ ಮೇಲೆ 2002ರಲ್ಲಿ, ಗಿಟಾರ್ ಹಿಡಿದು ಜನರೆದುರು ಹಾಡಿದ ಒಂದು ಆಲ್ಬಂ ತಂದಳು. ಸ್ಟುಡಿಯೋದಲ್ಲಿ ಕಟ್ಟಿದ ಇಂಥ ಇನ್ನೊಂದು ಆಲ್ಬಂ ಆಕೆಯಿಂದ ಬರಲಿಲ್ಲ. 2021ರಲ್ಲಿ ಅಮೆರಿಕದಲ್ಲೇ 1 ಕೋಟಿ ಪ್ರತಿಯ ಲೆಕ್ಕ ಮುಟ್ಟಿ, ಆ ಮಟ್ಟಕ್ಕೇರಿದ ಮೊದಲ ರ‍್ಯಾಪ್ ಗಾಯಕಿ ಎನಿಸಿದಳು. ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2015ರಲ್ಲೇ ಈ ಆಲ್ಬಮ್ಮನ್ನು ಕಾಪಿಡಬೇಕಾದ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿಸಿದೆ.

ಮಗಳು ಕೇಳಿದಳು, "ಆಯಮ್ಮನ ಹೆಸರೇನಮ್ಮ?" ಸಾವಿರಾರು ಮಕ್ಕಳ ಹೆಸರು ಕರೆದವಳು ನಾನು. ದಿನವೂ ನನ್ನ ತರಗತಿಗೆ ಗಂಟೆ ಹೊಡೆದವಳ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ.