ಬೆನ್ನಿಗೆ ಕಟ್ಟಿದ ಸೋರೆಬುರುಡೆ

ಹೋದ ತಿಂಗಳು ಮಗಳು, ಮೊಮ್ಮಗಳ ಜೊತೆ ಸಿಕಂದರಾಬಾದಿನ ಬನ್ಸಿಲಾಲ್‌ಪೇಟೆ ಮೆಟ್ಟಿಲುಬಾವಿ ನೋಡಲು ಹೋಗಿದ್ದೆ. ಎಷ್ಟೋ ವರ್ಷ ಕಸ ತುಂಬಿ ಮುಚ್ಚಿಹೋಗಿದ್ದ ಬಾವಿ ಇದು. 2022ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು. ಮೂರು ವರ್ಷದ ಕೂಸು ಎರಡು ಮೆಟ್ಟಿಲು ಇಳಿಯಿತೋ ಇಲ್ಲವೋ, "ಏ, ಬೀಳ್ತೀ!" ಅಂತ ಕೂಗಿಬಿಟ್ಟೆ. ಪಾಪ, ಬೆದರಿ ನಿಂತಿತು.

ಹೀಗೆ ಕೂಗಿದ ನಾನೇ ಆರನೇ ವಯಸ್ಸಿಗೆ ಬಾವಿಗೆ ಇಳಿದವನು ನೋಡಿ! ಬೀದರ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪ ನನ್ನ ಬೆನ್ನಿಗೆ ಎರಡು ಒಣ ಸೋರೆಬುರುಡೆ ಕಟ್ಟಿ ನೀರಿಗೆ ಬಿಟ್ಟಿದ್ದರು. ಕೆಲವು ದಿನ ಕಳೆದು ಒಂದನ್ನು ಬಿಚ್ಚಿದರು, ಆಮೇಲೆ ಇನ್ನೊಂದನ್ನು. "ಹೆದರಬ್ಯಾಡ, ನಾ ಇಲ್ಲೇ ಅದೀನಿ" ಅನ್ನುತ್ತ ತಾವೂ ನೀರಲ್ಲೇ ಇರುತ್ತಿದ್ದರು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಸಾಲ ಕೊಟ್ಟು ಮರೆಯಲಿಲ್ಲ, ದಿನಾ ಇನ್‌ಸ್ಪೆಕ್ಷನ್! ಆದರೆ ಅಕ್ಕ ಮಾತ್ರ ದಂಡೆಯಲ್ಲಿ ನನ್ನ ಬಟ್ಟೆ ಹಿಡಿದು ಕೂತಿರುತ್ತಿದ್ದಳು. ಅವಳಿಗೂ ಬುರುಡೆ ಕಟ್ಟಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಹೈದರಾಬಾದಿನ ಬಾವಿಗಳು ಮೂಲೆಗೆ ಸರಿದ ಕತೆಯಲ್ಲಿ ನಮ್ಮ ಕನ್ನಡಿಗರೊಬ್ಬರೂ ಬರುತ್ತಾರೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯ ಪ್ರವಾಹಕ್ಕೆ ಸಾವಿರಾರು ಜನ ಬಲಿಯಾದರು. 1909ರಲ್ಲಿ ನಿಜಾಮರ ಸರ್ಕಾರ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ನೆರೆ ತಡೆಯಲು ಜಲಾಶಯ ಕಟ್ಟಬೇಕೆಂದು ಅವರು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಊರಿಗೆ ಅಲ್ಲಿಂದ ನಲ್ಲಿ ನೀರೂ ಬಂತು. ಒಳ್ಳೆಯದೇ ಆಯಿತು. ಆದರೆ ಬಳಕೆ ತಪ್ಪಿದ ಬಾವಿಗಳಿಗೆ ಕಾಲಕ್ರಮದಲ್ಲಿ ಕಸ ಬಿತ್ತು. ಮಕ್ಕಳಿಗೆ ಅದು ಹತ್ತಿರ ಹೋಗಬಾರದ ಜಾಗವಾಯಿತು. ಇಲ್ಲೇ ಬೆಳೆದ ನನ್ನ ಮಗಳಿಗೆ ನೀರಿನ ಬಗ್ಗೆ ನಾನು ಕಲಿಸಿದ್ದು "ಹುಷಾರು" ಎಂಬ ಒಂದೇ ಮಾತು.

ತಪ್ಪೆಲ್ಲ ನಲ್ಲಿಯದು ಅಂತ ಜಾರಿಕೊಳ್ಳಲೂ ಆಗುವುದಿಲ್ಲ. ಕೆನಡಾದ ಬಾರ್ಬರಾ ಮೊರೊಂಜೆಲ್ಲೊ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರೊಬ್ಬರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪುಟ್ಟ ಮಕ್ಕಳಿಗೆ ಆಟದ ಮೈದಾನದ ಕಂಬದಿಂದ ಜಾರುವುದನ್ನು ಹೆತ್ತವರು ಕಲಿಸಬೇಕು. ಗಂಡುಮಕ್ಕಳಿಗೆ "ನೀನೇ ಮಾಡು" ಎಂಬ ಉತ್ತೇಜನ ಹೆಚ್ಚು, ಹೆಣ್ಣುಮಕ್ಕಳಿಗೆ ಕೈಹಿಡಿದು ಇಳಿಸುವುದು ಹೆಚ್ಚು! ಓದುವಾಗ ದಂಡೆಯ ಮೇಲಿನ ಅಕ್ಕ ಕಣ್ಮುಂದೆ ಬಂದಳು.

ಅವತ್ತು ಬಾವಿಯಲ್ಲಿ ಮಗಳು ಮೆಲ್ಲಗೆ ಹೇಳಿದಳು, "ಅಪ್ಪಾ, ಅದು ಬಿದ್ದರೆ ಹಾರಿ ಎತ್ತೋಕೆ ನನಗೂ ಈಜು ಬರಲ್ವಲ್ಲ." ನನ್ನಲ್ಲಿ ಉತ್ತರವಿರಲಿಲ್ಲ. ಕೂಸಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು, "ಬಾ, ನಾ ಇಲ್ಲೇ ಅದೀನಿ" ಅಂದೆ. ತಾನೇ ಇಳಿಯಿತು. ಈಗ ಅಮ್ಮ ಮಗಳು ಇಬ್ಬರಿಗೂ ಈಜಿನ ಕ್ಲಾಸು ಹುಡುಕುತ್ತಿದ್ದೇನೆ.

ನಿಮ್ಮ ಮನೆಯಲ್ಲಿ ದಂಡೆಯ ಮೇಲೆ ಕೂತವರು ಯಾರು?