ಕೆರೆಯಂಗಳದಲ್ಲಿ ಕಾಲ್ಚೆಂಡು

ಕೆರೆಯ ಹೆಸರನ್ನೇ ತನ್ನ ಹೆಸರಾಗಿ ಹೊತ್ತ ಊರು ಅರಸೀಕೆರೆ. ಹೊಯ್ಸಳ ಮನೆತನದ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಈ ಹೆಸರು ಬಂತೆಂಬುದು ಪ್ರತೀತಿ. ಅತ್ತ ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ ಅಥವಾ ದ್ವಾರಸಮುದ್ರ. ಅದೂ ಕೆರೆಯ ಹೆಸರೇ. ಬೇಲೂರಿಗೂ ತನ್ನದೇ ಆದ ವಿಷ್ಣುಸಮುದ್ರವಿದೆ. ಕೆರೆ ಕಟ್ಟಿ ಅದಕ್ಕೆ 'ಸಮುದ್ರ' ಎಂದು ಹೆಸರಿಡುವುದು ಈ ಸೀಮೆಯ ರೂಢಿ.

ಈ ಸೀಮೆಯ ಫುಟ್‌ಬಾಲ್ ಪ್ರೇಮಿಯೊಬ್ಬ ವೃತ್ತಿಪರ ಲೀಗಿನ ಪಂದ್ಯ ನೋಡಬೇಕೆಂದರೆ ಅರಸೀಕೆರೆ ಜಂಕ್ಷನ್‌ನಲ್ಲಿ ಬೆಂಗಳೂರಿನ ರೈಲು ಹತ್ತಬೇಕು. ರೈಲಿಳಿದು ಹೊರಬಂದರೆ ಎದುರಿಗೆ ಕಾಣುವುದು ಕೆಂಪೇಗೌಡ ಬಸ್ ನಿಲ್ದಾಣ. ಅದು ಹಿಂದೆ ಧರ್ಮಾಂಬುಧಿ ಕೆರೆ. ಅಲ್ಲಿಂದ ಬಸ್ಸು ಹಿಡಿದು ಕಂಠೀರವ ಕ್ರೀಡಾಂಗಣಕ್ಕೆ ಹೋದರೆ ಅದು ಹಿಂದೆ ಸಂಪಂಗಿ ಕೆರೆ. ಇನ್ನೂ ಮುಂದಕ್ಕೆ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣಕ್ಕೆ ಹೋದರೆ ಅದು ಹಿಂದೆ ಶೂಲೆ ಕೆರೆ! ಕೆರೆಯ ಊರಿನಿಂದ ಹೊರಟವನು ಕೆರೆಯಲ್ಲಿ ಇಳಿದು ಕೆರೆಯಲ್ಲೇ ಕುಳಿತು ಆಟ ನೋಡುತ್ತಾನೆ. ವ್ಯತ್ಯಾಸವಿಷ್ಟೆ, ಬೆಂಗಳೂರಿನ ಈ ಕೆರೆಗಳಲ್ಲಿ ನೀರಿಲ್ಲ.

ರಾಜ್ಯದ ರಾಜಧಾನಿಯಲ್ಲಿ ವೃತ್ತಿಪರ ಫುಟ್‌ಬಾಲ್‌ಗೆ ನೆಲೆ ಕೊಟ್ಟ ಎರಡೂ ಪ್ರಮುಖ ಕ್ರೀಡಾಂಗಣಗಳು ಕೆರೆಯಂಗಳದಲ್ಲೇ ಎದ್ದದ್ದು ಆಕಸ್ಮಿಕವೆ? ಅಲ್ಲ. ಅದರ ಹಿಂದೆ ಒಂದು ಲೆಕ್ಕಾಚಾರವಿದೆ, ಒಂದು ಹಳೆಯ ಜಗಳವೂ ಇದೆ.

ನೀರು ಬೇಕು, ನೀರು ಬೇಡ

ಸಂಪಂಗಿ ಕೆರೆ ಕೆಂಪೇಗೌಡರ ಕಾಲದ್ದೆಂದು ಹೇಳುವುದುಂಟು. ಒಂದು ಕಡೆ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು ಪ್ರದೇಶ, ನಡುವೆ ಈ ಕೆರೆ. ಇದರ ನೀರನ್ನು ನಂಬಿ ತಿಗಳ ಸಮುದಾಯದ ತೋಟಗಾರರು ಹೂವು, ಸೊಪ್ಪು, ತರಕಾರಿ ಬೆಳೆಯುತ್ತಿದ್ದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಊರೊಳಗಿನ ಕೆರೆಗಳ ದೆಸೆ ತಿರುಗಿತು. ನಲ್ಲಿ ತಿರುಗಿಸಿದರೆ ನೀರು ಬರುವಾಗ ಕೆರೆಯ ಹೂಳೆತ್ತುವವರು ಯಾರು? ಏರಿ ಕಾಯುವವರು ಯಾರು?

ಆದರೆ ತೋಟಗಾರರಿಗೆ ನಲ್ಲಿ ನೀರಿನಿಂದ ಪ್ರಯೋಜನವಿರಲಿಲ್ಲ. ಅವರಿಗೆ ಕೆರೆ ತುಂಬಿರಬೇಕಿತ್ತು. ಅದೇ ಅಂಗಳದಲ್ಲಿ ಪೋಲೊ ಆಡುತ್ತಿದ್ದ ದಂಡಿನವರಿಗೆ ಕೆರೆ ಒಣಗಿರಬೇಕಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ಈ ತಿಕ್ಕಾಟದಲ್ಲಿ ಗೆದ್ದವರು ಯಾರೆಂದು ಹೇಳಬೇಕಾಗಿಲ್ಲ. ಕೆರೆ ವರ್ಷದಿಂದ ವರ್ಷಕ್ಕೆ ಕುಗ್ಗಿತು. ಸ್ವಾತಂತ್ರ್ಯ ಬರುವ ಹೊತ್ತಿಗೆ ಉಳಿದದ್ದು ಒಂದು ತುಂಡು ಮಾತ್ರ. ಕೊನೆಗೆ ಅಲ್ಲಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಹೆಸರಿನ ಕ್ರೀಡಾಂಗಣ ಬಂತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಅದು ಈಗಿನ ರೂಪ ಪಡೆಯಿತು. ಇಂದಿಗೂ ಬೆಂಗಳೂರು ಕರಗದ ವಿಧಿಗಳಲ್ಲಿ ಸಂಪಂಗಿ ಕೆರೆಗೆ ಸ್ಥಾನವಿದೆ. ಅದರ ಕುರುಹಾಗಿ ಕ್ರೀಡಾಂಗಣದ ಮಗ್ಗುಲಲ್ಲಿ ಒಂದು ಸಣ್ಣ ಕೊಳ ಉಳಿದಿದೆ. ಬಡಾವಣೆಯ ಹೆಸರಿನಲ್ಲಿ 'ಸಂಪಂಗಿ' ಉಳಿದಿದೆ.

ಕ್ರೀಡಾಂಗಣಕ್ಕೆ ಕೆರೆಯೇ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಸರಳ. ಕೆರೆಯಂಗಳ ವಿಶಾಲ, ಹೂಳು ತುಂಬಿ ಸಮತಟ್ಟು. ಊರಿನ ನಡುವೆ ಅಷ್ಟು ದೊಡ್ಡ ಖಾಲಿ ಜಾಗ ಬೇರೆ ಸಿಗದು. ಮನೆ ಒಡೆಸಬೇಕಿಲ್ಲ, ಪರಿಹಾರ ಕೊಡಬೇಕಿಲ್ಲ. ಎಲ್ಲರಿಗೂ ಸೇರಿದ ಜಾಗವಾದ್ದರಿಂದ ತನ್ನದೆಂದು ತಡೆಯುವವರೂ ಇಲ್ಲ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಬೆಂಗಳೂರಿನ ಕ್ರೀಡಾ ಭೂಪಟವನ್ನು ಹಳೆಯ ಕೆರೆಗಳ ನಕ್ಷೆಯ ಮೇಲಿಟ್ಟು ನೋಡಿದರೆ ಎರಡೂ ಹಲವೆಡೆ ಒಂದರ ಮೇಲೊಂದು ಕೂರುತ್ತವೆ.

ಮೈದಾನವಿತ್ತು, ಮಾಲೀಕತ್ವವಿರಲಿಲ್ಲ

ದಂಡು ಪ್ರದೇಶದ ಸೈನಿಕರಿಂದ ಕಲಿತ ಆಟವನ್ನು ಬೆಂಗಳೂರಿನವರು ಬೇಗ ತಮ್ಮದಾಗಿಸಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈನ ರೋವರ್ಸ್ ಕಪ್ ಗೆದ್ದಿತು. ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದು. ಮೈಸೂರು ರಾಜ್ಯ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ತಂದಿತು. 1969ರ ಗೆಲುವಿನ ನಂತರ ಕರ್ನಾಟಕ ಮತ್ತೆ ಆ ಟ್ರೋಫಿ ಎತ್ತಲು 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು.

ದೇಶದಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಶುರುವಾದದ್ದು 1996ರಲ್ಲಿ. 2007ರಲ್ಲಿ ಅದು ಐ-ಲೀಗ್ ಆಯಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂತು. ಲೀಗಿನ ಹೆಸರು ಬದಲಾಯಿತೇ ಹೊರತು ಬಹುತೇಕ ತಂಡಗಳ ಸ್ಥಿತಿ ಬದಲಾಗಲಿಲ್ಲ. ಅವು ಇಂದಿಗೂ ಬಾಡಿಗೆ ಮನೆಯಲ್ಲೇ ಇವೆ. ಕೋಲ್ಕತ್ತದ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್‌ಗಳಂಥ ಹಳೆಯ ಕ್ಲಬ್‌ಗಳ ಮೈದಾನಗಳೂ ಇರುವುದು ಸೇನೆಯ ಸುಪರ್ದಿನಲ್ಲಿರುವ ನೆಲದಲ್ಲಿ. ಗುವಾಹಟಿಯ ಕ್ರೀಡಾಂಗಣ 2007ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ್ದು. ಕೊಚ್ಚಿಯ ಕ್ರೀಡಾಂಗಣ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರದ್ದು. 2018ರಲ್ಲಿ ಅಲ್ಲಿ ಭಾರತ-ವೆಸ್ಟ್ ಇಂಡೀಸ್ ಏಕದಿನ ಕ್ರಿಕೆಟ್ ಪಂದ್ಯ ನಡೆಸಲು ಹೊರಟಾಗ ಫುಟ್‌ಬಾಲ್ ಅಭಿಮಾನಿಗಳು ಪ್ರತಿಭಟಿಸಿದರು. ಪಂದ್ಯ ತಿರುವನಂತಪುರಕ್ಕೆ ಹೋಯಿತು. ಜೆಮ್‌ಷೆಡ್‌ಪುರದಲ್ಲಿ ಮಾತ್ರ ಕ್ರೀಡಾಂಗಣ ಮತ್ತು ತಂಡ ಎರಡೂ ಒಂದೇ ಉಕ್ಕಿನ ಕಂಪೆನಿಯವು.

ಎರವಲು ಅಂಗಳದ ಆಟ ಕೆಲವೊಮ್ಮೆ ದುಬಾರಿಯಾದದ್ದೂ ಉಂಟು. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್ ಕ್ರಿಕೆಟ್ ಮೈದಾನದಲ್ಲಿ ನಡೆದ ಮೋಹನ್ ಬಾಗಾನ್-ಈಸ್ಟ್ ಬೆಂಗಾಲ್ ಪಂದ್ಯದ ವೇಳೆ ಗಲಭೆ, ಕಾಲ್ತುಳಿತದಲ್ಲಿ 16 ಮಂದಿ ಸತ್ತರು. ನಾಲ್ಕು ವರ್ಷಗಳ ನಂತರ, 1984ರಲ್ಲಿ ಸಾಲ್ಟ್ ಲೇಕ್ ಕ್ರೀಡಾಂಗಣ ತೆರೆಯಿತು. 1997ರ ಜುಲೈ 13ರಂದು ಅಲ್ಲಿ ಫೆಡರೇಷನ್ ಕಪ್ ಸೆಮಿಫೈನಲ್ ನೋಡಿದವರ ಸಂಖ್ಯೆ 1,31,781 ಎಂದು ದಾಖಲಾಗಿದೆ. ಕುತೂಹಲದ ಸಂಗತಿಯೆಂದರೆ ಸಾಲ್ಟ್ ಲೇಕ್ ಬಡಾವಣೆಯೂ ನೀರಿನ ಮೇಲೆಯೇ ಎದ್ದದ್ದು. ಹೂಗ್ಲಿ ನದಿಯ ಹೂಳನ್ನು ತಂದು ಜವುಗು ಪ್ರದೇಶವನ್ನು ತುಂಬಿಸಿ ಆ ನೆಲವನ್ನು ಮಾಡಲಾಗಿತ್ತು.

ಅದೇ ಅಂಗಳ, ಅದೇ ಜಗಳ

ಮತ್ತೆ ಬೆಂಗಳೂರಿಗೆ ಬರೋಣ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವನ್ನು ಅಶೋಕನಗರದ ಪುಟ್ಟ ಕ್ರೀಡಾಂಗಣದಲ್ಲಿ, ಕೃತಕ ಹುಲ್ಲಿನ ಮೇಲೆ ಆಡಿತು. ಮೊದಲ ಯತ್ನದಲ್ಲೇ ಐ-ಲೀಗ್ ಗೆದ್ದಿತು. ಮರುವರ್ಷ ಸುಮಾರು 25 ಸಾವಿರ ಜನ ಕೂರಬಹುದಾದ ಕಂಠೀರವಕ್ಕೆ ಬಂತು. 2016ರ ಅಕ್ಟೋಬರ್ 19ರಂದು ಇಲ್ಲಿಯೇ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಮಣಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಆ ರಾತ್ರಿ ಸಂಪಂಗಿ ಕೆರೆಯಲ್ಲಿ ಅಲೆ ಎದ್ದದ್ದು ಜನರದು.

ಆದರೆ ಕಂಠೀರವದ ಫುಟ್‌ಬಾಲ್ ಅಂಗಳವನ್ನು ಸುತ್ತುವರಿದಿರುವುದು ಅಥ್ಲೆಟಿಕ್ಸ್‌ನ ಸಿಂಥೆಟಿಕ್ ಟ್ರ್ಯಾಕ್. ರಾಜ್ಯದ ಓಟಗಾರರಿಗೆ, ಜಾವೆಲಿನ್, ಹ್ಯಾಮರ್ ಎಸೆತಗಾರರಿಗೆ ಅಭ್ಯಾಸಕ್ಕೆ ಇದೇ ಮುಖ್ಯ ಆಸರೆ. ಲೀಗ್ ಪಂದ್ಯಗಳಿಗಾಗಿ ಅಂಗಳವನ್ನು ಕಾಯ್ದಿರಿಸಿದರೆ ತಾವು ಎಲ್ಲಿಗೆ ಹೋಗಬೇಕೆಂದು ಅಥ್ಲೀಟುಗಳು, ಕೋಚ್‌ಗಳು ಕೇಳಿದರು. ವಿವಾದ ಹೈಕೋರ್ಟಿನ ಮೆಟ್ಟಿಲೇರಿತು. 2019ರಲ್ಲಿ, ಲೀಗ್ ಚಾಂಪಿಯನ್ ಆಗಿದ್ದ ತಂಡವೇ ತವರು ಪಂದ್ಯಗಳನ್ನು ಪುಣೆಯಲ್ಲಿ ಆಡಬೇಕಾದೀತು ಎಂಬ ಮಾತು ಬಂದಿತ್ತು. ಕೊನೆಗೆ ಅದು ಕಂಠೀರವದಲ್ಲೇ ಉಳಿಯಿತು.

ಇಬ್ಬರದೂ ನ್ಯಾಯವಾದ ಬೇಡಿಕೆಯೇ. ಆದರೆ ನೂರು ವರ್ಷಗಳ ಹಿಂದಿನ ತೋಟಗಾರ ಮತ್ತು ಪೋಲೊ ಆಟಗಾರನ ಜಗಳ ಇದಕ್ಕಿಂತ ಬೇರೆಯೆ? ಅಂದು ನೀರಿಗಾಗಿ, ಇಂದು ಹುಲ್ಲಿಗಾಗಿ. ಎಲ್ಲರಿಗೂ ಸೇರಿದ ಅಂಗಳದಲ್ಲಿ ಯಾರಿಗೆ ಮೊದಲ ಹಕ್ಕು ಎಂಬ ಪ್ರಶ್ನೆಯನ್ನು ನಾವು ಅಂದೂ ಬಗೆಹರಿಸಲಿಲ್ಲ, ಇಂದೂ ಬಗೆಹರಿಸಿಲ್ಲ.

ಹೊಯ್ಸಳ ಸೀಮೆಯಲ್ಲಿ ಕೆರೆಯ ಅಗತ್ಯ ಇನ್ನೂ ಮುಗಿದಿಲ್ಲ. ಯಗಚಿಯ ನೀರನ್ನು ಹಳೇಬೀಡಿನ ಕೆರೆಗೆ ಹರಿಸುವ ರಣಘಟ್ಟ ಯೋಜನೆಗಾಗಿ ಇಲ್ಲಿನ ರೈತರು ವರ್ಷಗಟ್ಟಲೆ ಹೋರಾಡಿದ್ದಾರೆ. ಕೆರೆ ತುಂಬಬೇಕೆಂದು ಬೀದಿಗಿಳಿಯುವ ಜನ ಇರುವವರೆಗೆ ಅದರ ಮೇಲೆ ಗ್ಯಾಲರಿ ಕಟ್ಟುವ ಧೈರ್ಯ ಯಾರಿಗೂ ಬರಲಾರದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹಳ್ಳಿಯ ಹುಡುಗರು ಒಣ ಅಂಗಳಕ್ಕಿಳಿದು ಕಲ್ಲು ನೆಟ್ಟು ಗೋಲು ಮಾಡಿಕೊಳ್ಳುತ್ತಾರೆ, ಕ್ರಿಕೆಟ್ಟನ್ನೂ ಆಡುತ್ತಾರೆ. ಮಳೆ ಬಂದು ನೀರು ನಿಂತರೆ ಚೆಂಡು ಎತ್ತಿಕೊಂಡು ಮನೆಗೆ ಹೋಗುತ್ತಾರೆ.

ಅವರು ಕೆರೆಯಿಂದ ಅಂಗಳವನ್ನು ಸಾಲ ಪಡೆದು ಮತ್ತೆ ಹಿಂದಿರುಗಿಸುತ್ತಾರೆ. ಬೆಂಗಳೂರು ಸಾಲ ಪಡೆಯಿತು, ಹಿಂದಿರುಗಿಸಲಿಲ್ಲ.