ತೈಲಕ್ಕೂ ನೀರು ಬೇಕು ಸ್ವಾಮಿ!

ವಿಜಯಪುರಕ್ಕೆ ಹೋದವರೆಲ್ಲ ಗೋಳಗುಮ್ಮಟದಲ್ಲಿ ಕೂಗಿ, ಪ್ರತಿಧ್ವನಿ ಕೇಳಿ ವಾಪಸ್ ಬರ್ತಾರೆ. ಮೊದಲ ಸಲ ನಾನೂ ಮಾಡಿದ್ದು ಅದನ್ನೇ. ಊರೊಳಗೆ ನಿಂತಿರುವ ಕಲ್ಲಿನ ನೀರಿನ ಗೋಪುರಗಳನ್ನು ಯಾರೂ ತಿರುಗಿ ನೋಡಲ್ಲ. ಗಂಜ್ ಅಂತಾರೆ ಅದಕ್ಕೆ. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯಿಂದ, ಆಮೇಲೆ 1651ರಲ್ಲಿ ಕಟ್ಟಿದ ಬೇಗಂ ತಲಾಬ್‌ನಿಂದ ಕೊಳವೆಯಲ್ಲಿ ನೀರು ಊರಿಗೆ ಬರುತ್ತಿತ್ತು. ದಾರಿಯಲ್ಲಿ ಒತ್ತಡ ಇಳಿಸೋದು, ಹೂಳನ್ನು ತಳಕ್ಕೆ ಕೂರಿಸೋದು ಈ ಗೋಪುರಗಳ ಕೆಲಸ.

ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಇವತ್ತಿನ ತೈಲ ಸಂಸ್ಕರಣಾಗಾರದ ಕೊಳಕು ನೀರಿನ ಮೊದಲ ತೊಟ್ಟಿಯೂ ಇದೇ ಸೂತ್ರದ ಮೇಲೆ ನಿಂತಿದೆ. ನೀರನ್ನು ನಿಧಾನ ಮಾಡಿ. ಕೆಸರು ಕೆಳಗೆ, ಎಣ್ಣೆ ಮೇಲೆ. ಮೇಲಿನ ಎಣ್ಣೆಯನ್ನು ಕೆನೆ ತೆಗೆದ ಹಾಗೆ ತೆಗೀತಾರೆ. ಉಳಿದ ಜಿಡ್ಡನ್ನು ಗಾಳಿಗುಳ್ಳೆ ಬಿಟ್ಟು ಎತ್ತುತ್ತಾರೆ, ಕರಗಿದ್ದನ್ನು ಬ್ಯಾಕ್ಟೀರಿಯಾ ತಿನ್ನುತ್ತೆ, ಕೊನೆಗೆ ಆರ್‌ಒ. ಆ ನೀರು ಮತ್ತೆ ಕೂಲಿಂಗ್ ಟವರ್‌ಗೆ, ಬಾಯ್ಲರ್‌ಗೆ. ತೈಲಬಾವಿಗಳಲ್ಲಂತೂ ಒಂದು ಬ್ಯಾರಲ್ ಎಣ್ಣೆಯ ಜೊತೆ ಸರಾಸರಿ ಮೂರು ಬ್ಯಾರಲ್ ಉಪ್ಪುನೀರು ಮೇಲೆ ಬರುತ್ತೆ ಅನ್ನೋದು ಜಗತ್ತಿನ ಲೆಕ್ಕ.

ನಮ್ಮಲ್ಲಿ ಬಾವಿ ಇಲ್ಲ, ಮಂಗಳೂರಿನ ಎಂಆರ್‌ಪಿಎಲ್ ಇದೆ. ಕಚ್ಚಾ ತೈಲ ಒಂದು ಡಾಲರ್ ಏರಿದರೆ ನಾವು ಬ್ರೇಕಿಂಗ್ ನ್ಯೂಸ್ ಹಾಕ್ತೀವಿ. 2019ರ ಮೇ ತಿಂಗಳಲ್ಲಿ ಅಲ್ಲಿ ಘಟಕಗಳು ನಿಂತದ್ದು ತೈಲ ಇಲ್ಲದೆ ಅಲ್ಲ, ನೇತ್ರಾವತಿಯಲ್ಲಿ ನೀರಿಲ್ಲದೆ! 2016ರಲ್ಲೂ ಹೀಗೇ ಆಗಿತ್ತು. ಅಷ್ಟು ಮಳೆ ಸುರಿಯೋ ಕರಾವಳಿಯಲ್ಲಿ! ಈಗ ಮಂಗಳೂರಿನ ಒಳಚರಂಡಿ ನೀರು ಶುದ್ಧವಾಗಿ ಅಲ್ಲಿನ ಕೈಗಾರಿಕೆಗೆ ಹೋಗುತ್ತೆ. ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕವೂ ಬಂತು. ಹೊಳೆ ಕೈಕೊಟ್ಟ ಮೇಲೆ ಬಂದ ಬುದ್ಧಿ, ಇರಲಿ.

ಈಗ ವಿಜಯಪುರ ಜಿಲ್ಲೆಗೆ ವಾಪಸ್ ಬನ್ನಿ. ಇಲ್ಲಿ ತೈಲ ಇಲ್ಲ, ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಇದೆ. ಅದಕ್ಕೂ ನೀರು ಬೇಕು, ಕೊಡೋದು ಆಲಮಟ್ಟಿ. ಆ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರಲ್ಲಿ. ಆಲಮಟ್ಟಿ, ನಾರಾಯಣಪುರ ಎರಡರ ಮುಳುಗಡೆಯನ್ನೂ ಬಾಗೇವಾಡಿ, ಮುದ್ದೇಬಿಹಾಳದ ಜನ ಕಂಡವರು. ಇಂಡಿಯಲ್ಲಿ ಬ್ಯಾಸಗಿ ಬಂತಂದ್ರ ನಿಂಬೆ ಗಿಡ ಉಳಿಸಾಕ ರೈತರು ಟ್ಯಾಂಕರ್ ನೀರು ಕೊಳ್ತಾರೆ. ಸಿಂದಗಿಯ ಬರಗಾಲ ನಾನು ಹೇಳಬೇಕಾಗಿಲ್ಲ. 2014ರ ಜುಲೈನಲ್ಲಿ ಸ್ಥಾವರದ ವಿರುದ್ಧ ನಿಂತ ಕೂಡಗಿ ರೈತರ ಮೇಲೆ ಗೋಲಿಬಾರ್ ಆಯ್ತು. ಬೂದಿ, ಬೆಳೆ, ನೀರು, ಎಲ್ಲದರ ಭಯ ಆ ಸಿಟ್ಟಿನಲ್ಲಿತ್ತು.

2016ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ವಿದ್ಯುತ್ ದರ ನೀತಿಯಲ್ಲಿ ಬರೆಯಿತು: ಒಳಚರಂಡಿ ಶುದ್ಧೀಕರಣ ಘಟಕದ 50 ಕಿಲೋಮೀಟರ್ ಒಳಗಿರುವ ಉಷ್ಣ ವಿದ್ಯುತ್ ಸ್ಥಾವರ ಆ ನೀರನ್ನು ಕಡ್ಡಾಯವಾಗಿ ಬಳಸಬೇಕು. ಆಗದ ಮಾತೇನಲ್ಲ. ನಾಗಪುರದ ಚರಂಡಿ ನೀರಿನಲ್ಲಿ ಕೊರಾಡಿ ಸ್ಥಾವರ ನಡೀತಿದೆ. ಮ್ಯಾಪ್ ತೆಗೆದು ನೋಡಿ: ವಿಜಯಪುರ ನಗರದಿಂದ ಕೂಡಗಿಗೆ ನೇರ ಗೆರೆ ಎಳೆದರೆ ಸುಮಾರು 40 ಕಿಲೋಮೀಟರ್. ಮುಂದಿನ ಸಲ ಉಸ್ತುವಾರಿ ಸಚಿವರು ಸ್ಟುಡಿಯೋಗೆ ಬಂದಾಗ ಈ 40 ಕಿಲೋಮೀಟರ್ ಬಗ್ಗೆನೇ ಮೊದಲ ಪ್ರಶ್ನೆ ಕೇಳ್ತೀನಿ.